ಹದಿನಾಲ್ಕನೇ ನಂಬರಿನ ಮೂವತ್ತೆಂಟು ಜನ

ಫೆಬ್ರವರಿ 3, ಮಂಗಳವಾರ

ಇವತ್ತಿಗೆ ನನ್ನ ಪಾಲಿನ ಬೀದಿಗಳು ಮುಗಿದವು. ಮಂಡಿನೋವು ಹೇಳತೀರದು, ಆದರೂ ಖುಷಿ. ನಮ್ಮ ‘ಮತದಾರರ ನೆರವು ಬಳಗ’ದಲ್ಲಿ ಇರುವುದು ಹದಿನೇಳು ಜನ, ಹೆಚ್ಚಿನವರು ನನ್ನ ಹಾಗೆ ಪಿಂಚಣಿಯವರು. ಚುನಾವಣೆಗೆ ಮುಂಚೆ ಚಾಮರಾಜಪೇಟೆಯ ಬೀದಿ ಬೀದಿ ಸುತ್ತಿ, ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಯಾವ ಹೆಸರು ಸುಳ್ಳು ಅಂತ ನೋಡಿ ಚುನಾವಣಾ ಕಚೇರಿಗೆ ಒಪ್ಪಿಸುತ್ತೇವೆ. ಯಾವ ಪಕ್ಷದ ಕಡೆಗೂ ವಾಲುವುದಿಲ್ಲ. ಅದಕ್ಕೇ ನಮ್ಮ ಅಧ್ಯಕ್ಷರು ದೊರೆಸ್ವಾಮಿ ಒಂದು ಕಟ್ಟುನಿಟ್ಟು ಮಾಡಿಟ್ಟಿದ್ದಾರೆ: ಯಾರ ಮನೆಯೊಳಗೂ ಹೋಗಬಾರದು, ಯಾರ ಮನೆಯ ನೀರೂ ಮುಟ್ಟಬಾರದು. ಆಚೆಯೇ ನಿಂತು ಕೇಳಿ ಬರೆದುಕೊಂಡು ಬರಬೇಕು. ಹಿಂದೊಮ್ಮೆ ನಮ್ಮ ಶೀನಣ್ಣ ಯಾರದೋ ಮನೆಯಲ್ಲಿ ಒಬ್ಬಟ್ಟು ತಿಂದು, ಅದು ಒಬ್ಬ ಅಭ್ಯರ್ಥಿಯ ಸೋದರಮಾವನ ಮನೆ ಅಂತ ಆಮೇಲೆ ಗೊತ್ತಾಗಿ, ಆದ ರಾದ್ಧಾಂತ ಅಷ್ಟಿಷ್ಟಲ್ಲ.

ಇವತ್ತಿನ ಸಭೆಯಲ್ಲಿ ನನ್ನದೇ ಜಯಭೇರಿ. ಅಕ್ಕಿಪೇಟೆ ಕಡೆಗೆ ಹೋಗುವ ಗಲ್ಲಿಯಲ್ಲಿ ಹದಿನಾಲ್ಕನೇ ನಂಬರಿನ ಮನೆಯೊಂದಿದೆ. ಪಟ್ಟಿಯಲ್ಲಿ ಆ ಒಂದೇ ಮನೆಗೆ ಮೂವತ್ತೆಂಟು ಮತದಾರರು! ಮುನಿಸ್ವಾಮಿ, ನಂಜಪ್ಪ, ದೇವಯ್ಯ, ಲಕ್ಕಮ್ಮ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಹೆಸರುಗಳು. ಹೋಗಿ ನೋಡಿದರೆ ಬಾಗಿಲಿಗೆ ತುಕ್ಕು ಹಿಡಿದ ಬೀಗ. ಎರಡು ಸಲ ಹೋದೆ, ಎರಡೂ ಸಲ ಬೀಗ. ಪಕ್ಕದ ಎಲೆಕ್ಟ್ರಿಕ್ ಅಂಗಡಿಯವನನ್ನು ಕೇಳಿದರೆ, “ಓನರ್ ಖಾಲಿ ಮಾಡ್ಕೊಂಡು ಹೋಗಿ ವರ್ಷದ ಮೇಲಾಯ್ತು ಮೇಡಂ” ಅಂದ. ಇನ್ನೇನು ಬೇಕು? “ಸದರಿ ವಿಳಾಸದಲ್ಲಿ ಯಾರೂ ವಾಸವಿಲ್ಲ” ಅಂತ ಮುತ್ತಿನಂಥ ಅಕ್ಷರದಲ್ಲಿ ವರದಿ ಬರೆದು ಸಹಿ ಹಾಕಿದೆ. ಹೆಸರು ತೆಗೆಯಬೇಕೆಂಬ ಆಕ್ಷೇಪಣೆಯನ್ನೂ ನನ್ನ ಹೆಸರಿನಲ್ಲೇ ಸಲ್ಲಿಸುವುದು ಅಂತಾಯಿತು. “ಕಾವೇರಮ್ಮನವರ ಕಣ್ಣು ಅಂದ್ರೆ ಕಣ್ಣು” ಅಂದರು ದೊರೆಸ್ವಾಮಿ. ಮೂವತ್ತೊಂದು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ಕಣ್ಣು, ಸುಮ್ಮನೆಯೇ?

ಫೆಬ್ರವರಿ 20, ಶುಕ್ರವಾರ

ಮೂವತ್ತೆಂಟು ಹೆಸರನ್ನೂ ಕಿತ್ತುಹಾಕಿದ ಆದೇಶ ಬಂತು. “ಒಂದೇ ಪೆನ್ನಲ್ಲಿ ಅಷ್ಟು ಜನಾನ ಮುಗಿಸಿಬಿಟ್ಯಲ್ಲೇ” ಅಂದರು ಇವರು, ಪೇಪರಿನಿಂದ ತಲೆ ಎತ್ತದೆ. ಇರುವವರನ್ನು ಮುಗಿಸಿದರೆ ಪಾಪ, ಇಲ್ಲದವರನ್ನು ಮುಗಿಸಿದರೆ ಏನು ಬಂತು ಅಂದೆ.

ಈ ಯಶಸ್ಸಿನಿಂದ ಬಳಗದ ಇನ್ನೊಂದು ಕೆಲಸಕ್ಕೂ ಬಲ ಬಂದಿದೆ. ಪಟ್ಟಿಯಿಂದ ಬಿಟ್ಟುಹೋದ ಇನ್ನೂರ ಹನ್ನೆರಡು ಜನರ ಹೆಸರು ಸೇರಿಸಲು ನಾವು ಅರ್ಜಿ ಹಾಕಿಸಿದ್ದೇವೆ. ಹಾಸ್ಟೆಲಿನ ಹುಡುಗಿಯರು, ಹಾಸಿಗೆ ಹಿಡಿದ ಮುದುಕರು, ಹೀಗೆ. ಕಚೇರಿಯವರು ಬಳಗದ ಪರಿಶೀಲನೆಯನ್ನು ಹಾಗೇ ಒಪ್ಪಿಕೊಳ್ಳುತ್ತಾರಂತೆ. ನಮ್ಮ ಮಾತಿಗೆ ಅಷ್ಟು ಬೆಲೆ.

ಫೆಬ್ರವರಿ 24, ಮಂಗಳವಾರ

ಇವತ್ತು ಆದದ್ದನ್ನು ಬರೆದು ಮುಗಿಸಿಬಿಡುತ್ತೇನೆ.

ಬೆಳಿಗ್ಗೆ ಬಳಗದ ಮೇಜು ಹಾಕಿಕೊಂಡು ಮುಖ್ಯರಸ್ತೆಯ ಮೂಲೆಯಲ್ಲಿ ಕೂತಿದ್ದೆ. ಯಾರು ಬಂದರೂ ಅವರ ಹೆಸರು ಪಟ್ಟಿಯಲ್ಲಿದೆಯೇ ಅಂತ ನೋಡಿ ಹೇಳುವುದು ಅಲ್ಲಿನ ಕೆಲಸ. ಒಬ್ಬ ಮುದುಕಿ ಮತ್ತು ಅವಳ ಸೊಸೆ ಬಂದರು. ಸೊಸೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವವಳು, ಹೆಸರು ಯಶಶ್ರೀ. ಇಬ್ಬರ ಗುರುತಿನ ಚೀಟಿಯನ್ನೂ ಮೇಜಿನ ಮೇಲಿಟ್ಟಳು. ಹುಡುಕಿದೆ, ಇಲ್ಲ. ಚೀಟಿಯಲ್ಲಿ ವಿಳಾಸ ನೋಡಿದೆ. ಹದಿನಾಲ್ಕನೇ ನಂಬರು. ಮುದುಕಿಯ ಹೆಸರು ಲಕ್ಕಮ್ಮ.

“ಆ ಮನೇಲಿ ಯಾರೂ ಇಲ್ವಲ್ಲಮ್ಮ” ಅಂದೆ.

“ಯಾರೂ ಇಲ್ದೆ ನಾವೇನು ದೆವ್ವಾನಾ ಮೇಡಂ?” ಅಂದಳು ಯಶಶ್ರೀ.

ಅವರ ಹಿಂದೆಯೇ ಹೋದೆ. ಬೀಗದ ಬಾಗಿಲು ದಾಟಿ, ಮೂಲೆ ತಿರುಗಿ, ಕಸದ ಗಾಡಿ ಹೋಗುವ ಹಿಂದಿನ ಸಂದಿಗೆ. ಅಲ್ಲೊಂದು ಕುಳ್ಳ ಬಾಗಿಲು, ಒಬ್ಬರು ನುಸುಳುವಷ್ಟು. ಒಳಗೆ ಅಂಗಳ, ಒಂದು ನಲ್ಲಿ, ಸುತ್ತ ಹನ್ನೊಂದು ಮನೆ. ಹಳೇ ವಠಾರ. ಮುಂದಿನ ಮನೆಯಲ್ಲಿದ್ದ ಓನರ್ ಬೀಗ ಹಾಕಿಕೊಂಡು ಹೋದ ಮೇಲೆ ಇವರೆಲ್ಲ ಹಿಂದಿನಿಂದಲೇ ಓಡಾಡುತ್ತಾರೆ. ಎಲ್ಲರಿಗೂ ಒಂದೇ ನಂಬರು, ಹದಿನಾಲ್ಕು. ಕಚೇರಿಯವರು ಕಳಿಸಿದ ನೋಟೀಸುಗಳನ್ನು ಮುಂದಿನ ಬೀಗದ ಬಾಗಿಲಿಗೇ ಅಂಟಿಸಿ ಹೋಗಿದ್ದಾರೆ. ನಾನೇ ತೋರಿಸಿದ ಬಾಗಿಲು.

ನಕ್ಷೆ ಓದುವುದನ್ನು ಊರ ಮಕ್ಕಳಿಗೆಲ್ಲ ಕಲಿಸಿದೆ. ಒಂದು ಮನೆಯ ಹಿಂದೇನಿದೆ ಅಂತ ಸುತ್ತಿ ನೋಡಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿಗೆ ಬಿತ್ತು.

“ಯಾರೋ ಪುಣ್ಯಾತ್ಮ್ರು ನಾವು ಇಲ್ಲ ಅಂತ ಬರ್ಕೊಟ್ಟವ್ರಂತೆ” ಅಂದಳು ಮುದುಕಿ. ನಾನು ನಲ್ಲಿಯನ್ನು ನೋಡುತ್ತಾ ನಿಂತೆ.

ಫೆಬ್ರವರಿ 25, ಬುಧವಾರ

ದೊರೆಸ್ವಾಮಿಯವರ ಮನೆಗೆ ಓಡಿದೆ. ಎಪ್ಪತ್ತಾರು ವರ್ಷದ ಮನುಷ್ಯ, ಕೇಳಿಸಿಕೊಂಡು ಬಹಳ ಹೊತ್ತು ಕನ್ನಡಕ ಒರೆಸಿದರು. ನನ್ನ ವರದಿ ತಪ್ಪು ಅಂತ ನಾಳೆಯೇ ಬರೆದುಕೊಟ್ಟುಬಿಡುತ್ತೇನೆ ಅಂದೆ.

“ಕೊಡಿ. ಆಮೇಲೆ ಆ ಇನ್ನೂರ ಹನ್ನೆರಡು ಜನರಿಗೆ ಏನು ಹೇಳ್ತೀರಿ?” ಅಂದರು. “ಅವರಿಗೆ ಇರೋದು ನಮ್ಮ ಮಾತೊಂದೇ. ನಮ್ಮ ಒಂದು ವರದಿ ಸುಳ್ಳು ಅಂದ್ರೆ ಎಲ್ಲಾ ವರದೀನೂ ಸುಳ್ಳು. ಎರಡೂ ಪಕ್ಷದೋರು ಇದಕ್ಕೇ ಕಾಯ್ತಿದಾರೆ.”

ಸುಳ್ಳಲ್ಲ ಅವರ ಮಾತು. ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು. ಕೊನೆಗೆ ಅವರೇ ದಾರಿ ಹೇಳಿದರು: ಹೊಸ ಅರ್ಜಿಗೆ ಮಾರ್ಚ್ ಒಂಬತ್ತರವರೆಗೆ ಸಮಯವಿದೆ, ಮೂವತ್ತೆಂಟು ಜನರದ್ದೂ ನಾವೇ ತುಂಬಿಸಿ ಹಾಕಿಸೋಣ, ತಪ್ಪು ಯಾರದೆಂದು ಮಾತ್ರ ಎತ್ತುವುದು ಬೇಡ. ಒಪ್ಪಿಕೊಂಡೆ. ಒಪ್ಪಿದಾಗ ಹಗುರವಾಯಿತು ಅಂತಲೂ ಬರೆಯಬೇಕು, ಇದು ನನ್ನ ಪುಸ್ತಕ ತಾನೇ.

ಫೆಬ್ರವರಿ 27, ಶುಕ್ರವಾರ

ಸಂಜೆ ಆರರ ಮೇಲೆ ಹೋದೆ, ಎಲ್ಲರೂ ಕೆಲಸದಿಂದ ಬರುವ ಹೊತ್ತಿಗೆ. ಇದ್ದ ಒಂದೇ ಕುರ್ಚಿಯನ್ನು ನನಗೆ ಹಾಕಿದರು. ಒಂಬತ್ತು ಅರ್ಜಿ ಮುಗಿಯಿತು. ವಾಸದ ದಾಖಲೆಯೇ ತಲೆನೋವು. ಕರೆಂಟಿನ ಮೀಟರ್ ಒಂದೇ, ಅದೂ ಓನರ್ ಹೆಸರಿನಲ್ಲಿ. ಬಾಡಿಗೆ ಕರಾರು ಅಂತ ಕೇಳಿದರೆ ನಗುತ್ತಾರೆ.

ಲಕ್ಕಮ್ಮ ಅಕ್ಕಿಪೇಟೆಯ ಒಂದು ಮಂಡಿಯಲ್ಲಿ ಅಕ್ಕಿ ಆರಿಸುವ ಕೆಲಸ ಮಾಡುತ್ತಾಳೆ, ನಲವತ್ತು ವರ್ಷದಿಂದ. ಬೆರಳು ಸುಮ್ಮನಿರುವುದಿಲ್ಲ, ಮಾತಾಡುವಾಗಲೂ ಸೆರಗಿನ ಮೇಲೆ ಏನೋ ಆರಿಸುತ್ತಿರುತ್ತದೆ. “ನಾನು ಕಲ್ಲು ಆರ್ಸಿ ಎಸೀತೀನಿ. ನಮ್ಮನ್ನೇ ಯಾರೋ ಹಂಗೆ ಎಸೆದ್ಬಿಟ್ರಲ್ಲವ್ವ” ಅಂದಳು. “ಯಾರು ಅಂತ ನಿಮಗೇನಾದ್ರೂ ಗೊತ್ತಾ?”

ಗೊತ್ತಿಲ್ಲ ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಆ ಕಳ್ಳನಿಗಿಂತ ಗಟ್ಟಿ, ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

ಮಾರ್ಚ್ 1, ಭಾನುವಾರ

ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಮೂವತ್ತೆಂಟೂ ಮುಗಿದವು. ಟೈಲರ್ ನಂಜಪ್ಪನಿಗೆ ಫೋಟೋದಲ್ಲಿ ನಗಬಾರದು ಅಂತ ಹೇಳಿ ಹೇಳಿ ಸಾಕಾಯಿತು. ದೇವಯ್ಯನಿಗೆ ಕಿವಿ ಕೇಳಿಸದು, ವಯಸ್ಸೆಷ್ಟು ಅಂದರೆ ಮಗಳ ವಯಸ್ಸು ಹೇಳುತ್ತಾನೆ. ಮುನಿಸ್ವಾಮಿಯ ಹೆಂಡತಿ ಚಿತ್ರಾನ್ನ ಮಾಡಿದ್ದಳು, ನಿಂಬೆ ಸ್ವಲ್ಪ ಮುಂದು. ಅರ್ಧ ತಟ್ಟೆಗೆ ಸಾಕು ಅಂದರೂ ಬಿಡಲಿಲ್ಲ.

ಎಲ್ಲರೂ “ನಿಮ್ಮಿಂದ ಆಯ್ತು ಮೇಡಂ, ನಿಮ್ಮಿಂದ ಆಯ್ತು” ಅನ್ನುತ್ತಾರೆ. ಹೌದು, ನನ್ನಿಂದಲೇ ಆದದ್ದು. ಯಶಶ್ರೀ ಮಾತ್ರ ಅಷ್ಟಾಗಿ ಮಾತಾಡುವುದಿಲ್ಲ. ನಾನು ಬರೆದದ್ದನ್ನೆಲ್ಲ ಪಕ್ಕದಲ್ಲೇ ಕೂತು ಇನ್ನೊಮ್ಮೆ ಓದುತ್ತಾಳೆ. ನನ್ನ ತರಗತಿಯಲ್ಲಿದ್ದಿದ್ದರೆ ಲೀಡರ್ ಮಾಡುತ್ತಿದ್ದೆ.

ಮಾರ್ಚ್ 3, ಮಂಗಳವಾರ

ನಂಜಪ್ಪನ ಜೊತೆ ಕಚೇರಿಗೆ ಹೋಗಿದ್ದೆ. ಮೂವತ್ತೆಂಟು ಅರ್ಜಿಯನ್ನೂ ತಡೆಹಿಡಿದಿದ್ದಾರೆ. ಗುಮಾಸ್ತ ಒಂದು ಫೈಲು ತೆಗೆದು, ನಾನು ಯಾರೆಂದು ತಿಳಿಯದೆ, ನನ್ನ ವರದಿಯನ್ನೇ ನನಗೆ ಓದಿ ಹೇಳಿದ. “ಸದರಿ ವಿಳಾಸದಲ್ಲಿ ಯಾರೂ ವಾಸವಿಲ್ಲ. ನೋಡಿ, ಎಷ್ಟು ಕ್ಲಿಯರಾಗಿ ಬರ್ದಿದಾರೆ. ಅಕ್ಷರ ಅಂದ್ರೆ ಹೀಗಿರ್ಬೇಕು. ಈ ವರದಿ ಫೈಲಲ್ಲಿ ಇರೋವರೆಗೆ ಆ ಅಡ್ರೆಸ್ಸಿಗೆ ಯಾರನ್ನೂ ಸೇರ್ಸೋಕೆ ಬರಲ್ಲ.”

“ಹಾಗಾದ್ರೆ ಏನ್ ಮಾಡೋದು ಸಾರ್?” ಅಂದ ನಂಜಪ್ಪ.

“ಇದನ್ನ ಕೊಟ್ಟವರೇ ಬಂದು, ತಪ್ಪಾಯ್ತು ಅಂತ ಬರ್ದುಕೊಡ್ಬೇಕು. ಯಾರು ಬರ್ದುಕೊಡ್ತಾರೆ? ಸಹಿ ಮಾಡಿದ ಘೋಷಣೆ ಇದು, ಸುಳ್ಳು ಅಂದ್ರೆ ಕೇಸ್ ಆಗುತ್ತೆ.”

ನಂಜಪ್ಪ ನನ್ನ ಕಡೆ ತಿರುಗಿ ನೋಡಿದ. ಬಿಸಿಲು ಜಾಸ್ತಿ, ಆಟೋದಲ್ಲಿ ಹೋಗೋಣ ಅಂದೆ.

ಮಾರ್ಚ್ 4, ಬುಧವಾರ

ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮಾರ್ಚ್ 6, ಶುಕ್ರವಾರ

ಮತ್ತೆ ದೊರೆಸ್ವಾಮಿಯವರ ಹತ್ತಿರ ಹೋದೆ. ಇನ್ನೂರ ಹನ್ನೆರಡರ ಆದೇಶ ಹತ್ತನೇ ತಾರೀಕು ಬರುತ್ತದಂತೆ. “ಅದೊಂದು ಆಗ್ಲಿ, ಹನ್ನೊಂದಕ್ಕೆ ನಾನೇ ನಿಮ್ಮ ಜೊತೆ ಬಂದು ತಪ್ಪು ಒಪ್ಕೋತೀನಿ” ಅಂದರು. ಮೂವತ್ತೆಂಟಕ್ಕೆ ಕೊನೆಯ ದಿನ ಒಂಬತ್ತು. ಒಂದು ದಿನದ ವ್ಯತ್ಯಾಸ. ಬೇಕೆಂದೇ ಯಾರೋ ಕೂತು ಹೆಣೆದ ಹಾಗಿದೆ.

ಕೇಸ್ ಆದರೆ ಪಿಂಚಣಿಗೆ ತೊಂದರೆಯೇ ಅಂತ ಇವರನ್ನು ಕೇಳಿದೆ. “ಪಿಂಚಣಿ ಹೋದ್ರೆ ನನ್ನದಿದೆ. ನಿದ್ದೆ ಹತ್ತು ದಿನದಿಂದ ಇಬ್ಬರದೂ ಹೋಗಿದೆ” ಅಂದರು. ನಾನು ರೇಗಿದೆ. ಇನ್ನೂರ ಹನ್ನೆರಡು ದೊಡ್ಡದೋ ಮೂವತ್ತೆಂಟು ದೊಡ್ಡದೋ ಅಂದರೆ ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಆ ಇನ್ನೂರ ಹನ್ನೆರಡರಲ್ಲಿ ನಾನು ಒಬ್ಬರ ಮುಖವನ್ನೂ ನೋಡಿಲ್ಲ, ಅಷ್ಟೇ. ಈ ಕಡೆ ದೇವಯ್ಯನಿಗೆ ಪೊಲೀಸ್ ಠಾಣೆ ಹತ್ತಿರದ ಅಂಗಡಿಯಲ್ಲಿ ಕಿವಿಯ ಮೆಷಿನ್ನಿಗೆ ಸೆಲ್ ಸಿಗುತ್ತದೆ ಅಂತ ಹೇಳುವುದು ಮರೆತೆ. ನಾಳೆ ಹೋದಾಗ ಹೇಳಬೇಕು.

ಮಾರ್ಚ್ 8, ಭಾನುವಾರ

ನಿನ್ನೆ ಹೋದೆ, ಹೇಳಲಾಗಲಿಲ್ಲ, ಸೆಲ್ಲಿನ ವಿಷಯ ಮಾತ್ರ ಹೇಳಿ ಬಂದೆ. ಇವತ್ತು ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಲಕ್ಕಮ್ಮ ಮತ್ತು ಯಶಶ್ರೀ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದರು.

“ನಿಮ್ಮೆಲ್ಲರ ಹೆಸರು ತೆಗೆಸಿದ್ದು ನಾನು” ಅಂದುಬಿಟ್ಟೆ.

ಯಶಶ್ರೀ ಕೈ ನಿಲ್ಲಿಸಲಿಲ್ಲ. “ಗೊತ್ತು ಮೇಡಂ” ಅಂದಳು.

ನನಗೆ ಅರ್ಥವಾಗಲಿಲ್ಲ.

“ನೀವು ಮೊದ್ಲು ಬಂದು ಹೋದ್ರಲ್ಲ, ಮಾರನೇ ದಿನಾನೇ ಆಫೀಸಿಗೆ ಹೋಗಿ ಯಾರು ಆಕ್ಷೇಪಣೆ ಹಾಕಿರೋದು ಅಂತ ಕೇಳ್ದೆ. ತೋರ್ಸಿದ್ರು. ಕಾವೇರಮ್ಮ, ಗಂಡನ ಹೆಸರು ರಾಘವ. ಫೋಟೋ ಕೂಡ ತಗೊಂಡೆ.”

“ಮತ್ತೆ ಯಾಕಮ್ಮ ಸುಮ್ಮನಿದ್ರಿ?”

“ಬೈದ್ರೆ ನೀವು ಬರೋದು ನಿಲ್ಲಿಸ್ತಿದ್ರಿ. ಮೂವತ್ತೆಂಟು ಫಾರಂ ತುಂಬೋಕೆ ನಮಗೊಬ್ರು ಬೇಕಿತ್ತು.”

“ಬೇರೆಯವರಿಗೆ?”

“ವಠಾರಕ್ಕೆಲ್ಲಾ ಗೊತ್ತು.”

ಚಿತ್ರಾನ್ನ ಬಡಿಸುವಾಗ ಗೊತ್ತಿತ್ತು. ಕುರ್ಚಿ ಹಾಕುವಾಗ ಗೊತ್ತಿತ್ತು. ನಂಜಪ್ಪ ಕಚೇರಿಯಲ್ಲಿ ನನ್ನ ಕಡೆ ತಿರುಗಿದಾಗ ಗೊತ್ತಿತ್ತು. ಎರಡು ವಾರ ನಾನು ಮುಚ್ಚಿಟ್ಟಿದ್ದೇನೆ ಅಂತ ನಾನೊಬ್ಬಳೇ ಅಂದುಕೊಂಡಿದ್ದೆ. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಲಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಬರ್ಕೊಟ್ಟೋರೇ ಬಂದು ಹೇಳ್ಬೇಕಂತಲ್ಲವ್ವ. ನಾವು ಹಿಡ್ಕೊಂಡು ಹೋದ್ರೆ ನೀವು ಇಲ್ಲ ಅಂತಿದ್ರಿ. ನೀವಾಗೇ ಯಾವತ್ತು ಬಾಯ್ ಬಿಡ್ತೀರೋ ಅಂತ ಕಾಯ್ತಾ ಇದ್ವಿ. ನಾಳೆ ಒಂದೇ ದಿನ ಉಳಿದಿರೋದು” ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಮಾರ್ಚ್ 9, ಸೋಮವಾರ

ಹತ್ತು ಗಂಟೆಗೆ ಕಚೇರಿ ತೆರೆಯುವ ಮುಂಚೆಯೇ ಹೋಗಿ ನಿಂತೆ. ಸಹಾಯಕ ಅಧಿಕಾರಿ ಶರಣ್ ಅಂತ, ಮೂವತ್ತೈದರೊಳಗಿನವರು. ನನ್ನ ಪತ್ರವನ್ನು ಎರಡು ಸಲ ಓದಿದರು. “ಇದನ್ನ ನಾನು ಮೇಲಕ್ಕೆ ಕಳಿಸ್ಲೇಬೇಕಾಗುತ್ತೆ ಮೇಡಂ. ನಿಮ್ಮ ಮೇಲೆ ಕ್ರಮ ಆಗಬಹುದು. ನಿಮ್ಮ ಬಳಗದ ಬೇರೆ ಅರ್ಜಿಗಳನ್ನೂ ನಿಲ್ಲಿಸ್ಬೇಕಾಗುತ್ತೆ. ಯೋಚನೆ ಮಾಡಿದೀರಾ?” ಅಂದರು. ಎರಡು ವಾರದಿಂದ ಅದನ್ನೇ ಮಾಡಿದ್ದೇನೆ ಅಂದೆ.

ಹಾಗಾದರೆ ಮೂವತ್ತೆಂಟು ಜನ ಅಲ್ಲೇ ಇದ್ದಾರೆ ಅಂತ ನಾನೇ ಸಾಕ್ಷಿ ಹಾಕುತ್ತೇನೆ ಅಂದಾಗ ಅವರು ನಕ್ಕರು. “ಮೊದಲು ಸುಳ್ಳು ಬರೆದಿದ್ದೆ ಅಂತ ಈಗ ತಾನೇ ಬರೆದುಕೊಟ್ರಿ. ನಿಮ್ಮ ಸಾಕ್ಷಿ ಹೇಗೆ ತಗೊಳ್ಳಲಿ?” ಅದೂ ಸರಿಯೇ. ಕೊನೆಗೆ ತಾವೇ ಬಂದು ನೋಡುವುದಾಗಿ ಹೇಳಿದರು. ಸಂಜೆ ಆರಕ್ಕೆ ಪಟ್ಟಿ ಮುಚ್ಚುತ್ತದೆ, ಅದರೊಳಗೆ ಬರುತ್ತೇನೆ ಅಂದರು, ಎಷ್ಟು ಹೊತ್ತಿಗೆ ಅಂತ ಹೇಳಲಿಲ್ಲ. ಯಶಶ್ರೀ ಫೋನು ಮಾಡಿ ಎಲ್ಲರನ್ನೂ ಕರೆಸಿದಳು. ನಂಜಪ್ಪ ಅಂಗಡಿ ಮುಚ್ಚಿ ಬಂದ. ಲಕ್ಕಮ್ಮನ ಮಂಡಿಗೆ ಮಾತ್ರ ಲೋಡು ಬಂದಿತ್ತು, ಐದೂವರೆವರೆಗೆ ಬಿಡುವುದಿಲ್ಲ ಅಂದರಂತೆ.

ಶರಣ್ ನಾಲ್ಕು ಗಂಟೆಗೆ ಬಂದರು. ಮನೆ ಮನೆ ಹೊಕ್ಕು, ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ ಬರೆದುಕೊಂಡರು. ಮೂವತ್ತೇಳು. “ಲಕ್ಕಮ್ಮ?” ಅಂದರು. ಕೆಲಸಕ್ಕೆ ಹೋಗಿದ್ದಾಳೆ, ಈಗ ಬರುತ್ತಾಳೆ ಅಂದೆವು. “ಎದುರಿಗೆ ಇದ್ದೋರನ್ನ ಮಾತ್ರ ಬರ್ಕೊಳ್ಳೋದು. ನಾನು ಆರರೊಳಗೆ ಹೋಗಿ ಎಂಟ್ರಿ ಮಾಡ್ಬೇಕು” ಅಂತ ಆ ಹೆಸರಿನ ಮುಂದೆ ಬರೆದೇಬಿಟ್ಟರು: ವಾಸವಿಲ್ಲ.

ಯಶಶ್ರೀ ಆಗಲೇ ಸ್ಕೂಟರ್ ಹತ್ತಿ ಅಕ್ಕಿಪೇಟೆಗೆ ಹೊರಟಿದ್ದಳು. ಅಧಿಕಾರಿ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟರು. ನನಗೆ ಏನಾಯಿತೋ, ಮುಂದೆ ಹೋಗಿ ಆ ಕುಳ್ಳ ಬಾಗಿಲಲ್ಲಿ ಕೂತುಬಿಟ್ಟೆ. ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು.

“ಮೇಡಂ, ಏಳಿ.”

“ಲಕ್ಕಮ್ಮ ಬರಲಿ.”

“ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ತಿದೀರಿ. ಇದೂ ಕೇಸ್ ಆಗುತ್ತೆ.”

“ಹಾಕಿ. ಹೇಗೂ ಒಂದಿದೆ, ಜೊತೆಗಿರಲಿ.”

ಅವರು ಅಂಗಳ ದಾಟಿ ಮುಂದಿನ ಬಾಗಿಲಿಗೆ ಹೋದರು. “ಆ ಕಡೆ ಬೀಗ ಸಾರ್” ಅಂದ ನಂಜಪ್ಪ, ಬಹಳ ವಿನಯದಿಂದ. ಮುನಿಸ್ವಾಮಿಯ ಹೆಂಡತಿ ಕುರ್ಚಿ ತಂದು ಹಾಕಿದಳು. ಅಧಿಕಾರಿ ಕೂರಲಿಲ್ಲ. ಐದು ಹತ್ತು, ಐದು ಇಪ್ಪತ್ತು. ಫೋನಿನಲ್ಲಿ ಯಾರಿಗೋ ನನ್ನ ಮೇಲೆ ದೂರು ಹೇಳಿದರು, ನಾನೂ ಕೇಳಿಸಿಕೊಂಡೆ. ಅಳು ಬರುತ್ತಿತ್ತು, ಕೈ ಮಾತ್ರ ತೆಗೆಯಲಿಲ್ಲ.

ಐದು ಮೂವತ್ತೆರಡಕ್ಕೆ ಬೆನ್ನ ಹಿಂದೆ ಸ್ಕೂಟರ್ ನಿಂತಿತು. “ಜರುಗವ್ವಾ, ನಮ್ಮನೇಗೆ ನಾನು ಹೋಗ್ಬೇಕು” ಅಂದಳು ಲಕ್ಕಮ್ಮ. ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಅವಳೇ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಮೈತುಂಬ ತೌಡಿನ ಧೂಳು, ನನಗೂ ಮೆತ್ತಿತು. ಅಧಿಕಾರಿಯ ಎದುರಿಗೆ ಹೋಗಿ ನಿಂತು, “ಇದೀನಿ, ಬರ್ಕೊಳಿ” ಅಂದಳು. ಅವರು ಮೊದಲು ಬರೆದದ್ದನ್ನು ಹೊಡೆದು, ಬೇರೆ ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ನನ್ನನ್ನು ಕ್ಷಮಿಸಿದೆವು ಅಂತ ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಮಾರ್ಚ್ 10, ಮಂಗಳವಾರ

ಮೂವತ್ತೆಂಟು ಹೆಸರೂ ಪಟ್ಟಿಗೆ ಬಂದಿವೆ. ಇನ್ನೂರ ಹನ್ನೆರಡು ನಿಂತುಹೋಗಿವೆ. ಹದಿನಾಲ್ಕನೇ ತಾರೀಕಿನೊಳಗೆ ಒಬ್ಬೊಬ್ಬರನ್ನೂ ಮತ್ತೆ ಕಂಡು, ಹೊಸದಾಗಿ ಸಹಿ ಮತ್ತು ಸಾಕ್ಷಿ ತಂದರೆ ಮಾತ್ರ ಪರಿಗಣಿಸುತ್ತಾರಂತೆ. ಆ ಸಾಕ್ಷಿ ಬಳಗದವರದ್ದು ಆಗಬಾರದು, ಬೇರೆ ಮತದಾರರದ್ದೇ ಬೇಕು. ಬೆಳಿಗ್ಗೆ ದೊರೆಸ್ವಾಮಿ ಫೋನು ಮಾಡಿ ಇಷ್ಟು ಹೇಳಿದರು. ಕೂಗಾಡಲಿಲ್ಲ. ಬಳಗದ ಕಾರ್ಡು ವಾಪಸ್ ಕಳಿಸಿ ಅಂದರು. ದನಿ ಮುದುಕನದಾಗಿತ್ತು. ಇಪ್ಪತ್ತೆರಡು ವರ್ಷ ಕಟ್ಟಿದ್ದು ಅವರು. ಹಾಸಿಗೆ ಹಿಡಿದ ಆ ಮುದುಕರಿಗೆ ನಾನು ಯಾವ ಮುಖ ತೋರಿಸಲಿ? ಅತ್ತ ದರಿ ಇತ್ತ ಪುಲಿ ಅಂತ ಮಕ್ಕಳಿಗೆ ಗಾದೆ ಹೇಳಿಕೊಡುತ್ತಿದ್ದೆ. ನಾನು ಪುಲಿಯಿಂದ ತಪ್ಪಿಸಿಕೊಂಡು ದರಿಯಲ್ಲೇ ಬಿದ್ದಿದ್ದೇನೆ.

ಮಧ್ಯಾಹ್ನವೆಲ್ಲ ಮಲಗಿದ್ದೆ. ಸಂಜೆ ಯಶಶ್ರೀ ಬಂದಳು, ಮೊದಲ ಸಲ ನಮ್ಮ ಮನೆಗೆ. ಒಳಗೆ ಬಾ ಅಂದರೂ ಬರಲಿಲ್ಲ.

“ಆ ಇನ್ನೂರ ಹನ್ನೆರಡು ಜನರ ಅಡ್ರೆಸ್ ಕೊಡಿ ಮೇಡಂ.”

“ಯಾಕಮ್ಮ?”

“ಸಾಕ್ಷಿಗೆ ಮತದಾರರು ಬೇಕಂತಲ್ಲ, ನಂಜಪ್ಪಣ್ಣ ಆಫೀಸಲ್ಲಿ ಕೇಳ್ಕೊಂಡು ಬಂದ್ರು. ನಿಮಗೋಸ್ಕರ ಅಲ್ಲ, ತಪ್ಪು ತಿಳ್ಕೋಬೇಡಿ. ನಾವು ಮೂವತ್ತೆಂಟು ಜನ ಮತದಾರರು ಇದೀವಿ. ಲೆಕ್ಕ ಹಾಕ್ದೆ, ಒಬ್ಬೊಬ್ರಿಗೆ ಆರು ಹೆಸರೂ ಬರಲ್ಲ.”